ಶಟರ್ ಅಳೆದ ಮಣೆ

ನಾನು ಒಂದು ಮಣೆ. ಹುಟ್ಟಿದ್ದು ಈಳಿಗೆಮಣೆಯಾಗಿ. ಬದನೆಕಾಯಿ, ಸೌತೆಕಾಯಿ ಹೆಚ್ಚುತ್ತಲೇ ಅರ್ಧ ಆಯುಷ್ಯ ಕಳೆಯಿತು. ಅಲಗು ಮುರಿದ ಮೇಲೆ ಒಲೆಗೆ ಹೋಗಬೇಕಿತ್ತು. ಆದರೆ ಹಾವೇರಿ ಕಡೆಯ ನಮ್ಮ ಊರಿನ ಸೊಸೆ ನೀಲವ್ವ ನನ್ನನ್ನು ಎತ್ತಿಕೊಂಡಳು.

ಅವಳ ಮಾವ ಚನ್ನವೀರಪ್ಪನವರದು ಫೋಟೋ ಸ್ಟುಡಿಯೋ. ಮನೆಮನೆಗೆ ಮೊಬೈಲ್ ಬಂದಿದ್ದರೂ ಹೋರಿ ಸಾಕುವವರಿಗೆ ಗೋಡೆಗೆ ಹಾಕಲು ಅವರ ರೀಲಿನ ಕ್ಯಾಮೆರಾದ ಫೋಟೋವೇ ಆಗಬೇಕು. ಮಂಡಿ ನೋವು ಹಿಡಿದ ಮೇಲೆ ಅವರು ಕ್ಯಾಮೆರಾವನ್ನು ಸೊಸೆಯ ಕೈಗೆ ಕೊಟ್ಟರು. ಆ ದೀಪಾವಳಿಯ ಹೋರಿ ಓಟದಲ್ಲಿ ಓಡುವ ಹೋರಿಯ ಫೋಟೋ ತೆಗೆದವಳು ನೀಲವ್ವ. ಹೋರಿಯ ಯಜಮಾನ ಫಕ್ಕೀರಗೌಡ ಕಲಸಿಹೋದ ಆ ಚಿತ್ರವನ್ನು ಅತ್ತ ಇತ್ತ ತಿರುಗಿಸಿ ನೋಡಿದ.

"ಏನವ್ವಾ, ಇದು ನಮ್ಮ ಹೋರಿಯೋ, ಹತ್ತಿ ತುಂಬಿದ ಅಂಡಿಗೆ ಚೀಲವೋ?"

ಸ್ಟುಡಿಯೋದಲ್ಲಿದ್ದವರೆಲ್ಲ ನಕ್ಕರು. ಮಾವ ಮಾತ್ರ ನಗಲಿಲ್ಲ. "ಕ್ಯಾಮೆರಾ ಛಲೋ ಐತಿ. ನಿನ್ನ ಕೈ ನಡಗತೈತಿ. ಬರೋ ವರ್ಷ ಬ್ಯಾರೇ ಯಾರನ್ನರ ಕರಸೋಣು" ಎಂದರು.

ನೀಲವ್ವ ಐಟಿಐ ಓದಿದವಳು. ತನ್ನ ಕೈಯ ಮೇಲೆ ಅವಳಿಗೆ ನಂಬಿಕೆಯಿತ್ತು. ಅನುಮಾನವೆಲ್ಲ ಕ್ಯಾಮೆರಾದ ಶಟರಿನ ಮೇಲೆ, ಬೆಳಕಿಗಾಗಿ ತೆರೆದು ಮುಚ್ಚುವ ಆ ಪುಟ್ಟ ಬಾಗಿಲ ಮೇಲೆ. ನನ್ನ ಒಂದು ತುದಿಗೆ ಆಟದ ಲೇಸರ್ ಟಾರ್ಚು ಕಟ್ಟಿದಳು, ಇನ್ನೊಂದು ತುದಿಗೆ ಬೆಳಕು ಹಿಡಿಯುವ ಕಣ್ಣು. ಮೊದಲ ಕಣ್ಣು ಬೀದಿದೀಪದ್ದು. ಕತ್ತಲಾಯಿತೆಂದು ತಿಳಿಯಲು ಅದಕ್ಕೆ ಸಾವಕಾಶ ಬೇಕು, ಕೆಲಸಕ್ಕೆ ಬರಲಿಲ್ಲ. ಕೆಟ್ಟುಹೋದ ಕಂಪ್ಯೂಟರ್ ಮೌಸಿನ ಕಣ್ಣು ಚುರುಕಿತ್ತು. ಅದರ ವೈರು ಮೊಬೈಲಿನ ಮೈಕಿನ ತೂತಿಗೆ ಹೋಯಿತು. ನಡುವೆ, ಹಿಂಬಾಗಿಲು ತೆರೆದ ಕ್ಯಾಮೆರಾವನ್ನು ನನ್ನ ಬೆನ್ನಿಗೆ ಬಿಗಿದಳು. ಶಟರ್ ತೆರೆದಿದ್ದಷ್ಟು ಹೊತ್ತು ಮಾತ್ರ ಲೇಸರ್ ದಾಟಿ ಕಣ್ಣಿಗೆ ಬೀಳುತ್ತದೆ. ಅಷ್ಟೇ ಅಗಲದ ಅಲೆ ಮೊಬೈಲಿನ ರೆಕಾರ್ಡಿಂಗಿನಲ್ಲಿ ಮೂಡುತ್ತದೆ.

"ನೀವ ಒತ್ರಿ ಮಾವಾರ. ಇಲ್ಲಿ ನನ್ನ ಕೈಯೂ ಇಲ್ಲ, ನಡುಕೂ ಇಲ್ಲ."

ಮಾವ ಶಟರಿನ ವೇಗವನ್ನು ಐನೂರಕ್ಕೆ ತಿರುಗಿಸಿ ಒತ್ತಿದರು. ಒಂದು ಸೆಕೆಂಡನ್ನು ಐನೂರು ಪಾಲು ಮಾಡಿದರೆ ಅದರಲ್ಲೊಂದು ಪಾಲು ತೆರೆಯಬೇಕಾದ ಶಟರ್ ಅದು. ಸೂಜಿಯಂತೆ ಬರಬೇಕಾದ ಅಲೆ ಒನಕೆಯಂತೆ ಬಂತು. ಮತ್ತೆ ಒತ್ತಿದರು. ಮತ್ತೆ ಒನಕೆ.

ನೀಲವ್ವ ಲೆನ್ಸ್ ಬಿಚ್ಚಿದಳು. ಶಟರಿನ ತೆಳು ಎಸಳುಗಳು ಎಣ್ಣೆಯ ಜಿಡ್ಡಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದವು.

"ಇದಕ್ಕ ಎಣ್ಣಿ ಯಾರು ಹಾಕ್ಯಾರ?"

ಮಾವ ಹೊಲಿಗೆ ಯಂತ್ರದ ಎಣ್ಣೆ ಡಬ್ಬಿಯ ಕಡೆ ನೋಡಿದರು. ಪ್ರತಿ ಆಯುಧ ಪೂಜೆಗೆ ಕತ್ತರಿ, ಸೈಕಲ್, ಬಾಗಿಲ ತಿರುಗಣಿಗೆ ಹಾಕಿದಂತೆ, ಬಲು ಪ್ರೀತಿಯಿಂದ, ಕ್ಯಾಮೆರಾಕ್ಕೂ ಒಂದು ಹನಿ ಹಾಕುತ್ತ ಬಂದವರು ಅವರೇ.

"ಎಲ್ಲಾರಿಗೂ ಹಾಕಿ ಅದಕ್ಕೊಂದಕ್ಕ ಬಿಟ್ರ ಅದು ಮುನಿಸ್ಕೊಳ್ಳೂದಿಲ್ಲೇನ?" ಎಂದರು ಮೆಲ್ಲಗೆ. ನೀಲವ್ವನಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಅವರೂ ನಕ್ಕರು.

ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯಿಂದ ಅವಳು ಒಂದೊಂದೇ ಎಸಳು ಒರೆಸಿದಳು, ಒಣಗಿಸಿ ಕೂಡಿಸಿದಳು. ನನ್ನ ಬೆನ್ನ ಮೇಲಿಟ್ಟು ಒತ್ತಿದಳು. ಸೂಜಿ! ಮಾವ ಮತ್ತೊಮ್ಮೆ ಒತ್ತಿಸಿದರು. ಅದೇ ಸೂಜಿ. ಕ್ಯಾಮೆರಾದ ಪಟ್ಟಿಯನ್ನು ಸೊಸೆಯ ಕೊರಳಿಗೆ ಹಾಕಿದರು.

ಮುಂದಿನ ದೀಪಾವಳಿಯ ಫೋಟೋದಲ್ಲಿ ಹೋರಿಯ ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಕೊರಳ ಕೊಬ್ಬರಿ ಹಾರದ ಒಂದೊಂದು ಬಟ್ಟಲೂ ಬಿಡಿಬಿಡಿಯಾಗಿತ್ತು, ಗೊರಸಿನಿಂದ ಸಿಡಿದ ಮಣ್ಣು ಗಾಳಿಯಲ್ಲೇ ನಿಂತಿತ್ತು. ಫಕ್ಕೀರಗೌಡ ಅದನ್ನು ಎತ್ತಿ ಹಿಡಿದು ಪೇಟೆಯುದ್ದಕ್ಕೂ ನಡೆದ. "ಯಾರು ತಗದದ್ದು?" ಎಂದವರಿಗೆಲ್ಲ ಮಾವ ಸ್ಟುಡಿಯೋದ ಬಾಗಿಲಲ್ಲಿ ನಿಂತು ಕೂಗಿ ಹೇಳಿದರು: "ನಮ್ಮ ನೀಲವ್ವ!"

ಆಮೇಲೆ ಸುತ್ತಲಿನ ಊರುಗಳ ಕ್ಯಾಮೆರಾಗಳೆಲ್ಲ ನನ್ನ ಬೆನ್ನೇರಿ ಇಳಿದವು. ಈಗ ನನ್ನ ಲೇಸರ್ ಮಂಕಾಗಿದೆ. ಅಟ್ಟಣಿಗೆಯ ಮೂಲೆಯಲ್ಲಿ ಕೂತಿದ್ದೇನೆ. ಆದರೂ ಆಯುಧ ಪೂಜೆಯ ದಿನ ಮಾವ ನನ್ನನ್ನು ಕ್ಯಾಮೆರಾದ ಪಕ್ಕಕ್ಕೇ ಇಳಿಸುತ್ತಾರೆ. ಇಬ್ಬರಿಗೂ ಕುಂಕುಮ, ಇಬ್ಬರಿಗೂ ಚೆಂಡುಹೂ. ಎಣ್ಣೆ ಡಬ್ಬಿ ಹಿಡಿದ ಅವರ ಕೈ ನಮ್ಮ ಮುಂದೆ ಒಂದು ಗಳಿಗೆ ನಿಲ್ಲುತ್ತದೆ. ಸೊಸೆಯ ಮುಖ ನೋಡುತ್ತಾರೆ. ನಕ್ಕು, ಕತ್ತರಿಯ ಕಡೆ ಸರಿಯುತ್ತಾರೆ.