ಎರಡು ಗೇಣು ಟೊಳ್ಳು

ಟಕ್ — ಅಲ್ಲ, ಕಾಂಕ್ರೀಟು ಬಿರಿದ ಸದ್ದಲ್ಲ, ಪಕ್ಕದಲ್ಲಿ ಯಾರೋ ಪೆನ್ನಿನ ಮುಚ್ಚಳ ಹಾಕಿದ್ದು, ಆದರೂ ಬೆಚ್ಚಿಬಿದ್ದೆ, ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಹದಿನಾರು ಪರದೆ, ಹದಿನಾರರಲ್ಲೂ ಅದೇ ಬೂದು ಗುಮ್ಮಟ, ನಾನೇ ನಿಂತು ಕಟ್ಟಿಸಿದ್ದು, ಅಣು ರಿಯಾಕ್ಟರಿನ ಮೇಲೆ ಕವುಚುವ ಹೊದಿಕೆಯ ಮಾದರಿ, ನಿಜವಾದದ್ದರ ಕಾಲು ಪಾಲು, ಒಳಗೆ ರಿಯಾಕ್ಟರಿಲ್ಲ, ಬೆಳಗಿನಿಂದ ಪಂಪು ಒತ್ತಿ ಒತ್ತಿ ತುಂಬುತ್ತಿರುವ ಬರೀ ಗಾಳಿ — ಎಷ್ಟು ಒತ್ತಡ ತಡೆಯುತ್ತದೆ, ಮೊದಲು ಎಲ್ಲಿ ಸೋರುತ್ತದೆ ಎಂದು ಹನ್ನೆರಡು ದೇಶದವರು ಲೆಕ್ಕ ಹಾಕಿ ಲಕೋಟೆಯಲ್ಲಿ ಮುಚ್ಚಿ ಕೊಟ್ಟಿದ್ದಾರೆ, ಇವತ್ತಿನ ಅಂಕಿ ನಾಳೆ ಹನ್ನೆರಡು ದೇಶಗಳ ನಿಜವಾದ ಗುಮ್ಮಟಗಳ ಕಡತಕ್ಕೆ ಹೋಗುತ್ತದೆ, ಅಂಥ ಒಂದರ ಕೆಳಗೆ ನನ್ನ ತಮ್ಮ ಪಾಳಿ ಮಾಡುತ್ತಾನೆ, ಅವನ ಕ್ವಾರ್ಟರ್ಸು ಅಲ್ಲಿಂದ ನಾಲ್ಕು ಕಿಲೋಮೀಟರು, ಎರಡು ಪುಟ್ಟ ಮಕ್ಕಳು, ನಿನ್ನೆ ಫೋನಿನಲ್ಲಿ ನಗುತ್ತಿದ್ದ, ಅಕ್ಕಾ, ಕಟ್ಟೋದೂ ನೀನೇ, ಒಡೆಯೋದೂ ನೀನೇ, ಸಂಬಳ ಮಾತ್ರ ಎರಡು ಕೊಡಲ್ಲ ಅಲ್ವಾ, ನಾನೂ ನಕ್ಕೆ, ಆಮೇಲೆ ಅವನು ದನಿ ಇಳಿಸಿ, ನಮ್ಮ ತಲೆ ಮೇಲಿರೋದು ಗಟ್ಟಿ ತಾನೆ ಅಕ್ಕಾ ಅಂದ, ಗಟ್ಟಿ ಕಣೋ, ಅಂದೆ, ಎಷ್ಟು ಸಲೀಸಾಗಿ ಬಂತು ಆ ಮಾತು.

ಹನ್ನೆರಡು ಲೆಕ್ಕದಲ್ಲಿ ಒಂದರಲ್ಲೂ ಆ ಟೊಳ್ಳಿಲ್ಲ, ಇರುವುದಾದರೂ ಹೇಗೆ, ನಾನು ಬರೆದೇ ಇಲ್ಲ — ಮೂರು ವರ್ಷದ ಹಿಂದೆ, ದೊಡ್ಡ ಬಾಗಿಲಿನ ಸುತ್ತ ಕಾಂಕ್ರೀಟು ಸುರಿಯುತ್ತಿದ್ದೇವೆ, ಅಲ್ಲಿ ಕಂಬಿಗಳು ಬಾಚಣಿಗೆಯ ಹಲ್ಲಿನಷ್ಟು ಒತ್ತೊತ್ತು, ನಡುವೆ ಕಾಂಕ್ರೀಟನ್ನು ಕುಲುಕಿ ಸಂದಿಗಿಳಿಸುವ ವೈಬ್ರೇಟರ್ ಕೆಟ್ಟಿತು, ಇನ್ನೊಂದು ಬರುವಷ್ಟರಲ್ಲಿ ಕಾಂಕ್ರೀಟು ಗಟ್ಟಿಯಾಗತೊಡಗಿತ್ತು, ಹಲಗೆ ಬಿಚ್ಚಿದ ದಿನ ಮೇಸ್ತ್ರಿ ಸುತ್ತಿಗೆಯಿಂದ ತಟ್ಟುತ್ತ ಬಂದು ಅಲ್ಲಿ ನಿಂತರು, ಮೇಡಂ, ಇಲ್ಲಿ ಕಿವಿ ಕೊಡಿ, ಒಣಗಿದ ಸೋರೆಕಾಯಿ ಬಡಿದ ಹಾಗಿದೆ, ಎರಡು ಗೇಣು ಟೊಳ್ಳು, ಕಡಿದು ತುಂಬಬೇಕು, ಇಲ್ಲಾಂದ್ರೆ ನಕ್ಷೆ ಮೇಲಾದ್ರೂ ಬರೆದಿಡಿ. ಕಡಿದು ತುಂಬುವುದಕ್ಕೆ ಹದಿನೈದು ದಿನ ಬೇಕು, ವಿದೇಶದ ತಂಡಗಳು ಮರುದಿನವೇ ಬರುವುದಿತ್ತು, ನೆಂಟರು ಬರೋ ಹೊತ್ತಿಗೆ ಮನೆ ಒಪ್ಪವಾಗಿರ್ಬೇಕಮ್ಮ ಎಂದಿದ್ದರು ನಮ್ಮ ಸಂಸ್ಥೆಯ ನಿರ್ದೇಶಕರು, ಅವರಿಗೆ ಟೊಳ್ಳಿನ ವಿಷಯ ಗೊತ್ತಿರಲಿಲ್ಲ, ಯಾರ ಮೇಲೂ ಹಾಕುವಂತಿಲ್ಲ, ನನ್ನದೇ ಬಾಯಿ, ನನ್ನದೇ ಮಾತು, ಮೇಲೆ ಗಾರೆ ಮೆತ್ತಿ ಬಣ್ಣ ಹೊಡೆಸಿಬಿಡಿ ಮೇಸ್ತ್ರಿ. ಅವರು ಸುತ್ತಿಗೆಯನ್ನು ಚೀಲಕ್ಕೆ ಹಾಕಿದರು, ನೀವು ಹೇಳಿದ ಮೇಲೆ ಮುಗೀತು, ಅಂದರು, ಕೆಲಸ ಬಿಡುವ ದಿನದವರೆಗೂ ಮತ್ತೆ ನನ್ನ ಮುಖ ನೋಡಿ ಮಾತಾಡಲಿಲ್ಲ.

ಒತ್ತಡ ವಿನ್ಯಾಸದ ಮಟ್ಟ ಮುಟ್ಟಿದೆ, ಒಂದು ಗಂಟೆ ಹೀಗೇ ಹಿಡಿಯಿರಿ, ಎಂದರು ಯಾರೋ, ಗುಮ್ಮಟ ತಡೆಯಲೇಬೇಕೆಂದು ಕಟ್ಟಿದ ಮಟ್ಟ ಅದು, ಕುರ್ಚಿಗಳು ಸರಿದವು, ಕಾಫಿ ಬಂತು, ನಾನು ಎದ್ದು ನಿಂತಿದ್ದೇನೆ, ಯಾವಾಗ ಎದ್ದೆನೋ, ನಿರ್ದೇಶಕರು ತಿರುಗಿ, ಹೋಗಿ ಬನ್ನಿ, ಮುಖ ತೊಳ್ಕೊಂಡು ಬನ್ನಿ, ಗಂಟೆ ಇದೆ, ಅಂದರು, ಅದಲ್ಲ ಸಾರ್, ಪರೀಕ್ಷೆ ನಿಲ್ಲಿಸಬೇಕು, ದೊಡ್ಡ ಬಾಗಿಲ ಹತ್ತಿರ ಟೊಳ್ಳಿದೆ, ನಾನೇ ಮುಚ್ಚಿಸಿದ್ದು — ಅವರ ನಗುಮುಖ ಹಾಗೇ ಇತ್ತು, ತುಟಿ ಮಾತ್ರ ಬಿಳುಪೇರಿತು, ಮೂರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದು ಈಗ, ಇಷ್ಟು ಜನರ ಎದುರಿಗೆ, ನಮ್ಮ ಮಾನ ಹರಾಜು ಹಾಕ್ಬೇಕಾ, ಕೂತ್ಕೊಳ್ಳಿ, ಸೋರಿದಾಗ ನೋಡೋಣ, ಯಾರಿಗೂ ಕಾರಣ ಗೊತ್ತಾಗಲ್ಲ. ಅದೇ ಸಾರ್, ಯಾರಿಗೂ ಗೊತ್ತಾಗಲ್ಲ, ತಪ್ಪು ಅಂಕಿಯನ್ನೇ ನಿಜ ಅಂತ ಒಯ್ತಾರೆ. ನನ್ನ ದನಿ ಏರಿತ್ತು, ಹಿಂದಿನ ಸಾಲಿನಲ್ಲಿ ಸ್ವೆಟರ್ ಅಜ್ಜಿ ತಲೆಯೆತ್ತಿದರು, ಬಿಸಿಲಿನಲ್ಲೂ ಸ್ವೆಟರ್ ಬಿಡದ, ದೂರದ ದೇಶದ ತಂಡದ ಹಿರಿಯ ಎಂಜಿನಿಯರು, ಹೆಸರು ನಮ್ಮ ನಾಲಿಗೆಗೆ ಹೊರಳದೆ ನಾವಿಟ್ಟ ಅಡ್ಡಹೆಸರು ಅದು, ಏನಾಯಿತು ಎಂದು ಕೇಳಿದರು, ಹನ್ನೆರಡು ದೇಶದವರೂ ಅರ್ಧಂಬರ್ಧ ಆಡುವ ಇಂಗ್ಲಿಷಿನಲ್ಲಿ, ಹೇಳಿದೆ, ತಡವರಿಸಿದೆ, ಮತ್ತೆ ಮೊದಲಿನಿಂದ ಹೇಳಿದೆ, ಎಷ್ಟು ಅಗಲ, ಎಂದರು, ಗೇಣಿಗೆ ಆ ಭಾಷೆಯಲ್ಲಿ ಮಾತು ಸಿಗದೆ ಮೇಜಿನ ಮೇಲೆ ಬೆರಳು ಹರಡಿ ಎರಡು ಸಲ ಅಳೆದು ತೋರಿಸಿದೆ, ಬೈಯುತ್ತಾರೆಂದು ಕಾದೆ, ಅವರು ನನ್ನ ಕೈಯನ್ನೇ ನೋಡಿದರು, ಮೂವತ್ತು ವರ್ಷದ ಹಿಂದೆ ನಮ್ಮ ದೇಶದಲ್ಲೊಂದು ಗುಮ್ಮಟ ಹೀಗೇ ಸೋರಿತು, ಯಾಕೆಂದು ಯಾರೂ ಬಾಯಿ ಬಿಡಲಿಲ್ಲ, ನನಗೆ ಇವತ್ತಿಗೂ ಗೊತ್ತಿಲ್ಲ, ಎಂದು ನಕ್ಷೆ ಬಿಡಿಸಿ ಪೆನ್ಸಿಲು ನನ್ನತ್ತ ನೀಡಿದರು, ಎಲ್ಲಿ, ತೋರಿಸು.

ಹನ್ನೆರಡು ತಂಡದವರೂ ಪರೀಕ್ಷೆ ನಿಲ್ಲಿಸಿ ಎಂದರು, ಸಂಜೆಯೊಳಗೆ ಗಾಳಿ ಪೂರ್ತಿ ಇಳಿಸಿದರು, ಮೇಸ್ತ್ರಿಗೆ ಫೋನು ಮಾಡಿದೆ, ಎರಡು ಸಲ ಎತ್ತಲಿಲ್ಲ, ಮೂರನೆಯ ಸಲ, ಮೇಸ್ತ್ರಿ, ಆ ಟೊಳ್ಳು, ಎಂದೆ, ಅತ್ತಲಿಂದ, ಇನ್ನೂ ಅಲ್ಲೇ ಇದೆ ಬಿಡಿ ಮೇಡಂ, ಅದಕ್ಕೇನು ಕಾಲಿದೆಯಾ ಓಡಿಹೋಗೋಕೆ, ಬಂದೆ. ಬಂದರು, ಬಣ್ಣದ ಕೆಳಗೆ ಏನೂ ಕಾಣದು, ಸುತ್ತಿಗೆಯಿಂದ ತಟ್ಟುತ್ತ ಕಿವಿಯಿಂದಲೇ ಹುಡುಕಿ ಅದರ ಅಂಚು ಗುರುತು ಹಾಕಿದರು, ಸ್ವೆಟರ್ ಅಜ್ಜಿಯೂ ಪಕ್ಕದಲ್ಲಿ ಕಿವಿಯಿಟ್ಟು ಸೋರೆಕಾಯಿಯ ಸದ್ದು ಕೇಳಿ ತಲೆದೂಗಿದರು, ಮೆತ್ತಿದ್ದ ಗಾರೆ ಕೆತ್ತಿಸಿ ಕೆಂಪು ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟರು, ತುಂಬುವುದು ಬೇಡ, ಎಲ್ಲರ ನಕ್ಷೆಯಲ್ಲೂ ಟೊಳ್ಳು ಬರೆದುಕೊಂಡು ನಾಳೆ ಹೀಗೇ ಪರೀಕ್ಷಿಸೋಣ, ಗಾಳಿ ಬಂದರೆ ಇದು ಹೇಳುತ್ತದೆ, ಅಂಟಿಸು. ಅಂಟಿಸಿದೆ, ಪಟ್ಟಿ ಸೊಟ್ಟಗಾಯಿತು, ಬಿಡಿ ಮೇಡಂ, ಚೆನ್ನಾಗೇ ಇದೆ, ಎಂದರು ಮೇಸ್ತ್ರಿ, ನನ್ನ ಮುಖ ನೋಡಿ.

ಇವತ್ತು ಹಿಂದಿನ ಸಾಲಿನ ಕುರ್ಚಿ ನನಗೆ, ಮುಂದಿನದರಲ್ಲಿ ಬೇರೆಯವರು, ಪರೀಕ್ಷೆಯ ಹೊಣೆಯಿಂದ ಬಿಡಿಸಲಾಗಿದೆ ಎಂಬ ಕಾಗದ ಬೆಳಿಗ್ಗೆಯೇ ಬಂತು, ಮುಂದೆ ವಿಚಾರಣೆ, ಕೆಲಸ ಉಳಿಯುತ್ತದೋ ಹೋಗುತ್ತದೋ, ತಮ್ಮನಿಗೆ ಇನ್ನೂ ಹೇಳಿಲ್ಲ, ಹೇಳಬೇಕು, ಗಟ್ಟಿ ಎಂದಿದ್ದು ಸುಳ್ಳು ಕಣೋ, ನನಗೆ ಗೊತ್ತಿಲ್ಲ, ನಿಮ್ಮ ಗುಮ್ಮಟದ ಬಾಗಿಲ ಸುತ್ತ ಯಾರಾದರೂ ತಟ್ಟಿ ನೋಡಿದ್ದಾರಾ ಕೇಳು, ಇಲ್ಲದಿದ್ದರೆ ನಾನೇ ಬರ್ತೀನಿ, ಮೇಸ್ತ್ರಿನ ಕರ್ಕೊಂಡು — ನಿನ್ನೆಯ ಮಟ್ಟ ದಾಟಿತು, ವಿನ್ಯಾಸದ ಒಂದೂವರೆ ಪಟ್ಟು, ಸೋರುವುದು ಎರಡೂವರೆಯ ಮೇಲೆ ಎಂದೇ ಎಲ್ಲರ ಲೆಕ್ಕ, ಇನ್ನೂ ಬಹಳ ದೂರ, ನಾಲ್ಕನೇ ಪರದೆಯಲ್ಲಿ ಆ ಕೆಂಪು ಪಟ್ಟಿ ಸೊಟ್ಟಗೆ ನೇತಾಡುತ್ತಿದೆ, ಅಲ್ಲಾಡುತ್ತಿಲ್ಲ, ಒಂದು ಪಾಯಿಂಟ್ ಆರು, ಬೇರೆ ಪರದೆ ನೋಡೋಣವೆಂದರೆ ಕಣ್ಣು ಕೇಳದು, ಒಂದು ಪಾಯಿಂಟ್ ಏಳು, ಯಾರೋ ಕೆಮ್ಮಿದರು, ಪಟ್ಟಿಯ ತುದಿ, ಇಲ್ಲ, ನನ್ನ ಕಣ್ಣೇ ಮಿಟುಕಿದ್ದು, ಇಲ್ಲ — ತುದಿ ಮೇಲೆದ್ದಿತು, ಬಿತ್ತು, ಸ್ವೆಟರ್ ಅಜ್ಜಿ ಅಂಕಿಯನ್ನು ಗಟ್ಟಿಯಾಗಿ ಓದಿದರು, ಕೋಣೆಯ ತುಂಬ ಪೆನ್ನುಗಳ ಸದ್ದು, ಹನ್ನೆರಡು ನಕ್ಷೆಗಳಲ್ಲೂ ಅದೇ ಜಾಗ, ನಿರ್ದೇಶಕರು ಹಿಂದೆ ತಿರುಗಿ ನನ್ನನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದರು, ನನಗೆ ಕೇಳಿಸುತ್ತಿಲ್ಲ, ಕೆಂಪು ಪಟ್ಟಿ, ಗೋಡೆಯಿಂದ ಒಂದು ಬೆರಳು ದೂರ, ನಡುಗುತ್ತಿದೆ, ಕೆಂಪು ಪಟ್ಟಿ ನಡುಗುತ್ತಲೇ ಇದೆ