ಗೋಣಿಚೀಲದ ಮಣ್ಣು

ಗಂಡ ಸತ್ತಾಗ ಗುರುಬಸಮ್ಮ ಬಿಕ್ಕಿ ಬಿಕ್ಕಿ ಅತ್ತಳೆಂದು ಹುಲ್ಲಹಳ್ಳಿಯವರು ಈಗಲೂ ಹೇಳುತ್ತಾರೆ. ಅತ್ತದ್ದು ನಿಜ, ಬದುಕಿದೆನಲ್ಲ ಎಂದು ಅತ್ತಳು. ಆ ಮಹಾನುಭಾವ ಮಠದಲ್ಲಿ ಕೈಮುಗಿದು ನಿಂತರೆ ಸಾಧು, ಮನೆಯ ಹೊಸಿಲು ದಾಟಿದನೋ ಬೆಂಕಿ. ಹೊಡೆಯುವ ಮುಂಚೆ ಕೈಗಡಿಯಾರ ಬಿಚ್ಚಿ ಗೋಡೆಯ ಗೂಡಿನಲ್ಲಿಡುತ್ತಿದ್ದ, ಗಾಜು ಒಡೆದೀತೆಂದು. ಆಮೇಲೆ ಎಡಗೈ. ಅವನನ್ನು ಕೂರಿಸಿ, ಸುತ್ತ ವಿಭೂತಿ ಗಟ್ಟಿ ಇಟ್ಟು, ಹೊಲದ ಮೂಲೆಯಲ್ಲಿ ಮಣ್ಣು ಮಾಡಿದಾಗ ಮಗ ಅಮೃತೇಶ ಇನ್ನೂ ಅವಳ ಹೊಟ್ಟೆಯಲ್ಲಿದ್ದ.

"ನಿಮ್ಮಪ್ಪ ದೇವ್ರಂಥೋನು ಕಣಪ್ಪ" ಎನ್ನುತ್ತಲೇ ಮಗನನ್ನು ಬೆಳೆಸಿದಳು. ಏಟಿನ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಮಗ ಅವನಂತಾಗಬಾರದು, ಅವಳಿಗೆ ಬೇಕಿದ್ದದ್ದು ಅದೊಂದೇ.

ತೊಂಬತ್ತೇಳರಲ್ಲಿ, ಹದಿಮೂರು ತುಂಬಿದ ಅಮೃತೇಶ ನಂಜನಗೂಡಿನ ಮುರಳೀಧರ ಮೇಷ್ಟ್ರ ಹತ್ತಿರ ಬಾಕ್ಸಿಂಗ್ ಕಲಿಯಲು ಸೇರಿದ. ಮನೆಯಲ್ಲಿ ಗುದ್ದಿ ಪಳಗಲು ಗೋಣಿಚೀಲಕ್ಕೆ ಹಳೆ ಬಟ್ಟೆ, ಭತ್ತದ ಹೊಟ್ಟು ತುಂಬಿ ನೇತುಹಾಕಿ ಎಂದರು ಮೇಷ್ಟ್ರು. ಚೀಲ ತೀರಾ ಹಗುರವಾಯಿತು. ತೂಕಕ್ಕೆ ಒಂದು ಮಂಕರಿ ಮಣ್ಣು ತರಲು ಹೊರಟ ಗುರುಬಸಮ್ಮ, ಊರಲ್ಲಿ ಬೇರೆ ಮಣ್ಣೇ ಇಲ್ಲವೇನೋ ಎಂಬಂತೆ ನೆಟ್ಟಗೆ ಗಂಡನ ಸಮಾಧಿಗೆ ಹೋದಳು. "ಈಗ ನೀನು ತಿನ್ನು ಏಟು" ಎಂದು ಹಲ್ಲು ಕಚ್ಚಿ ಅಗೆದಳು. ಮಣ್ಣಿನ ಜೊತೆ ವಿಭೂತಿಯ ಬಿಳಿ ಚೂರು ಬಂತು. ಅದನ್ನೂ ಚೀಲಕ್ಕೆ ಸುರಿದಳು. ತಪ್ಪಲ್ಲವೇ? ತಪ್ಪೇ. ಆದರೆ ಮಗ ಮೊದಲ ಗುದ್ದು ಕೊಟ್ಟಾಗ ಅವಳ ಹೊಟ್ಟೆ ಎಷ್ಟು ತಣ್ಣಗಾಯಿತೋ!

ವರ್ಷ ತುಂಬುವುದರೊಳಗೆ ಮೇಷ್ಟ್ರು ಮನೆಗೇ ಬಂದರು.

"ಬಲಗೈ ಹುಡುಗ, ಎಡಗೈಲಿ ಹೊಡೀತಾನಲ್ಲಮ್ಮ! ಯಾರು ಕಲಿಸಿದ್ರು? ನಾನಂತೂ ಅಲ್ಲ."

ಅವರು ಹೋದ ಮೇಲೆ ಗುರುಬಸಮ್ಮ ಚೀಲ ಮುಟ್ಟಿ ನೋಡಿದಳು. ಜ್ವರ ಬಂದವರ ಮೈಯಂತೆ ಬೆಚ್ಚಗಿತ್ತು. ಸೊರಗಿಯೂ ಇತ್ತು. ಎಲ್ಲೂ ಹರಿದಿರಲಿಲ್ಲ, ಕೆಳಗೆ ಒಂದು ಹರಳು ಮಣ್ಣೂ ಬಿದ್ದಿರಲಿಲ್ಲ.

ಆ ಎಡಗೈ ಅಮೃತೇಶನನ್ನು ಜಿಲ್ಲೆಗೆ, ರಾಜ್ಯಕ್ಕೆ, ಆಮೇಲೆ ದೆಹಲಿಗೆ ಕೊಂಡೊಯ್ದಿತು. ಅವನು ಗೆದ್ದಷ್ಟೂ ಚೀಲದ ತೂಕ ಇಳಿಯಿತು. ಕೊನೆಗೆ ಹೆದರಿದ ಗುರುಬಸಮ್ಮ, ಮಣ್ಣನ್ನು ಸಮಾಧಿಗೇ ವಾಪಸು ಹಾಕಿಬಿಡೋಣವೆಂದು ಚೀಲ ಬಿಚ್ಚಿದಳು. ಹೊಟ್ಟಿತ್ತು, ಬಟ್ಟೆ ಇತ್ತು. ಮಣ್ಣು ಒಂದು ಹಿಡಿಯೂ ಇರಲಿಲ್ಲ.

ಎರಡು ಸಾವಿರದ ಏಳರಲ್ಲಿ ಅವನು ಹೊರದೇಶದಿಂದ ಪದಕ ತಂದ. ನಂಜನಗೂಡಿನಿಂದ ಹುಲ್ಲಹಳ್ಳಿಯ ತನಕ ತೆರೆದ ಜೀಪಿನಲ್ಲಿ ಮೆರವಣಿಗೆ, ಕೊರಳ ತುಂಬ ಹಾರ. ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂತ. ಮದುವೆಯಾಗಿ ಆರು ತಿಂಗಳಾಗಿದ್ದ ಹೆಂಡತಿ ಬಿಂದುಶ್ರೀ ಸಾರು ಬಡಿಸಿದಳು.

"ಉಪ್ಪಿಲ್ಲ" ಎಂದ.

"ತತ್ತೀನಿ ಇರಿ" ಎಂದು ಅವಳು ತಿರುಗುವಷ್ಟರಲ್ಲಿ ಅವನು ಎದ್ದ. ಅವಸರವಿಲ್ಲದೆ ಕೈಗಡಿಯಾರ ಬಿಚ್ಚಿ ಗೂಡಿನಲ್ಲಿಟ್ಟ.

ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಕಟ್ಟಿಕೊಂಡವನ ಹೆಸರನ್ನು ಗುರುಬಸಮ್ಮ ಜೀವಮಾನದಲ್ಲಿ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದವರಿಂದ ಹೇಳಿಸಿದ್ದಳು. ಈಗ ತಾನಾಗಿ ಬಾಯಿಗೆ ಬಂತು.

"ಗಂಗಾಧರಸ್ವಾಮಿ!"

ಮಗ ತಿರುಗಿದ.

"ಏನ್ಮೇ ಗುರ್ಬಸಿ, ಹೆಸ್ರು ಹಿಡ್ದು ಕರೆಯೋವಷ್ಟು ಆಗೋಯ್ತಾ ನಿಂಗೆ?"

ಹೊರಗೆ ಜನ ಇನ್ನೂ ಪಟಾಕಿ ಸುಡುತ್ತ ಅಮೃತೇಶನಿಗೆ ಜೈಕಾರ ಹಾಕುತ್ತಿದ್ದರು. ಗುರುಬಸಮ್ಮ ಸೊಸೆಯನ್ನು ಅವರ ನಡುವೆ ತಳ್ಳಿ, ಬಾಗಿಲು ಹಾಕಿ, ಒಳಗಿನಿಂದ ಚಿಲಕ ಹಾಕಿಕೊಂಡಳು.