ಅಮ್ಮ ಗುನುಗಿದ ದಿನ

ಬೆಳಿಗ್ಗೆ ಅಮ್ಮ ಹಾಡು ಗುನುಗುತ್ತಿದ್ದಳು. ನನ್ನ ಎದೆ ಧಸಕ್ಕೆಂದಿತು. ಬೇರೆ ಮನೆಗಳಲ್ಲಿ ಅಮ್ಮ ಬೈದರೆ ಮಕ್ಕಳಿಗೆ ಹೆದರಿಕೆ; ನಮ್ಮಲ್ಲಿ ನಕ್ಕರೆ.

ಹೋದ ವರ್ಷ ಹೀಗೇ ಗುನುಗುತ್ತಾ ಒಂದೇ ದಿನದಲ್ಲಿ ಹದಿನಾಲ್ಕು ಗಿರಾಕಿಗಳು ಹೊಲಿಯಲು ಕೊಟ್ಟ ಬಟ್ಟೆಯನ್ನು ಅಳತೆ ನೋಡದೆ ಕತ್ತರಿಸಿ ಹಾಕಿದ್ದಳು. ಆಮೇಲೆ ಎರಡು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಡಾಕ್ಟರು ಮನಸ್ಸಿನ ಏರಿಳಿತದ ಕಾಯಿಲೆ ಎಂದು ಹೇಳಿ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಅಂದಿನಿಂದ ನಾನು ಈ ಮನೆಯ ಪೊಲೀಸು.

ಕಪಾಟು ತೆಗೆದು ಮಾತ್ರೆ ಎಣಿಸಿದೆ. ಒಂಬತ್ತಿರಬೇಕಿತ್ತು, ಹತ್ತಿದ್ದವು. ಸಿಕ್ಕಿಬಿದ್ದಳು ಅಂದುಕೊಂಡೆ. ಸುಳ್ಳೇಕೆ ಹೇಳಲಿ, ಒಂಥರಾ ಖುಷಿಯೂ ಆಯಿತು. ಹೊಲಿಗೆ ಮಿಷನ್ ಮೇಲಿದ್ದ ದೊಡ್ಡ ಕತ್ತರಿಯನ್ನು ಕಾಲೇಜು ಚೀಲದ ತಳಕ್ಕೆ ತುರುಕಿ, ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಕತ್ತರಿ ನೋಡಿದ್ಯೇನೇ?" ಅಮ್ಮ ಮಿಷನ್ ಸುತ್ತ ತಡಕಾಡಿದಳು. "ನಿನ್ನ ತಂಗಿ ಶಾಲೆಯ ಯೂನಿಫಾರಂ ಎಲ್ಲಾ ನನಗೇ ಕೊಡ್ತಾರಂತೆ ಕಣೇ! ಹನ್ನೆರಡರೊಳಗೆ ಒಂದು ಅಂಗಿ ಹೊಲಿದು ತೋರಿಸ್ಬೇಕು."

ಇಂಥ ದೊಡ್ಡ ಮಾತು ಹೋದ ವರ್ಷವೂ ಕೇಳಿದ್ದೆ. "ನನಗೇನು ಗೊತ್ತು?" ಎಂದು ಕಾಲೇಜಿಗೆ ಚಕ್ಕರ್ ಹೊಡೆದು, ಚೀಲ ತಬ್ಬಿಕೊಂಡು ಕೂತೆ. ಅಮ್ಮ ಮಂಚದಡಿ, ಬಟ್ಟೆಯ ರಾಶಿಯೊಳಗೆ, ಒಲೆಯ ಹಿಂದೆ ಹುಡುಕಿದಳು. ಹುಡುಕಿದ ಜಾಗದಲ್ಲೇ ಮತ್ತೆ ಮತ್ತೆ ಹುಡುಕಿದಳು. ನೋಡಿದ್ಯಾ, ಶುರುವಾಯಿತು ಅಂದುಕೊಂಡೆ.

ಹನ್ನೆರಡೂವರೆಗೆ ದೊಡ್ಡಮ್ಮ ಬಂದವಳೇ ಕೇಳಿದಳು: "ಮಾತ್ರೆ ಯಾಕೆ ಬಿಟ್ಟೆ?"

"ಎಲ್ಲಿ ಬಿಟ್ಟೆ ಅಕ್ಕಾ?" ಅಮ್ಮ ಮಿಷನ್ನಿನ ಡ್ರಾಯರ್ ಎಳೆದು ಇನ್ನೊಂದು ಸ್ಟ್ರಿಪ್ ತೆಗೆದಳು. ಒಂದು ಮಾತ್ರೆ ಖಾಲಿಯಾಗಿತ್ತು. "ಹೊಲಿಗೆ ಮಧ್ಯೆ ಏಳೋದು ಯಾಕೆ ಅಂತ ನಿನ್ನೆಯಿಂದ ಇಲ್ಲೂ ಒಂದು ಇಟ್ಕೊಂಡಿದೀನಿ."

ಅಷ್ಟರಲ್ಲಿ ತಂಗಿ ಶಾಲೆಯಿಂದ ಊಟಕ್ಕೆ ಓಡಿ ಬಂದಳು. "ಅಮ್ಮಾ, ಯಾಕೆ ಬರ್ಲಿಲ್ಲ? ಹೆಡ್ ಮೇಡಂ ಕಾದು ಕಾದು ಆರ್ಡರ್ ಬೇರೆಯವರಿಗೆ ಕೊಟ್ಬಿಟ್ರು!"

ನಾನು ಚೀಲದಿಂದ ಕತ್ತರಿ ತೆಗೆದು ಮಿಷನ್ ಮೇಲಿಟ್ಟೆ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ಅಮ್ಮ ಕತ್ತರಿ ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಅಷ್ಟು ಹೆದರಿದ್ಯಾ?" ಎಂದಳು.

"ಹೂಂ."

ಮರುದಿನ ತಿಂಡಿ ಬಡಿಸಿದಾಗ ನನ್ನ ತಟ್ಟೆಯ ಪಕ್ಕದಲ್ಲಿ ಎರಡೂ ಸ್ಟ್ರಿಪ್ ಇದ್ದವು. ಅಮ್ಮ ಗುನುಗುತ್ತಿರಲಿಲ್ಲ.

"ಎಣಿಸ್ಕೋ," ಎಂದಳು.

"ಬೇಡಮ್ಮಾ," ಎಂದೆ. ಅನ್ನುವಷ್ಟರಲ್ಲಿ ನನ್ನ ಕಣ್ಣು ಎಣಿಸಿ ಮುಗಿಸಿತ್ತು. ಅಮ್ಮ ಅದನ್ನು ನೋಡಿದಳು.